ಚೀಲಕ್ಕೂ ದುಡ್ಡು ಕೊಡಬೇಕೆ?

ಪ್ರಶ್ನೆ: ತಿಂಗಳ ದಿನಸಿ ತರುವ ಸೂಪರ್ ಮಾರ್ಕೆಟ್‌ನಲ್ಲಿ ಈಗ ಚೀಲಕ್ಕೆ ಬೇರೆಯಾಗಿ 10 ರೂಪಾಯಿ ಬಿಲ್ ಹಾಕುತ್ತಿದ್ದಾರೆ. ಕೇಳಿದರೆ ‘ಸರ್ಕಾರದ ರೂಲ್ಸ್ ಮೇಡಂ’ ಅನ್ನುತ್ತಾರೆ. ನಮ್ಮ ಬೀದಿಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಕವರ್‌ಗೆ 2 ರೂಪಾಯಿ. ಇದು ಸರಿಯೇ? ಮನೆಯಿಂದಲೇ ಚೀಲ ಒಯ್ಯೋಣವೆಂದರೆ ಮರೆತು ಹೋಗುತ್ತದೆ. ಕೋಳಿ, ಮೀನು, ಮಳೆಗಾಲ ಅಂದರೆ ಬಟ್ಟೆ ಚೀಲ ಉಪಯೋಗಕ್ಕೆ ಬರುವುದಿಲ್ಲ. ಕಸದ ಬುಟ್ಟಿಗೆ ಹಾಕಲೂ ಕವರ್ ಇಲ್ಲದಂತಾಗಿದೆ. ನಾಲ್ಕು ಜನರ ಮನೆ. ದಾರಿ ಹೇಳಿ.
— ಓದುಗರೊಬ್ಬರು, ಹಾಸನ

ಉತ್ತರ: ಎರಡು ಅಂಗಡಿಯ ಲೆಕ್ಕವೂ ಬೇರೆ ಬೇರೆ. ಮೊದಲು ಆ 2 ರೂಪಾಯಿಯ ಕವರ್ ವಿಷಯ ಮುಗಿಸೋಣ.

ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರಂದು ಪರಿಸರ ಸಂರಕ್ಷಣಾ ಕಾಯ್ದೆಯಡಿ ಹೊರಡಿಸಿದ ಅಧಿಸೂಚನೆ ಪ್ಲಾಸ್ಟಿಕ್ ಕೈಚೀಲವನ್ನು ತಯಾರಿಸುವುದು, ಸಾಗಿಸುವುದು, ಮಾರುವುದು, ಬಳಸುವುದು ಎಲ್ಲವನ್ನೂ ನಿಷೇಧಿಸಿದೆ. ದಪ್ಪ ಎಷ್ಟೇ ಇರಲಿ, ವಿನಾಯಿತಿ ಇಲ್ಲ. ‘ಇದು 120 ಮೈಕ್ರಾನ್, ನಡೆಯುತ್ತೆ’ ಎಂದು ಯಾರಾದರೂ ಹೇಳಿದರೆ ಅವರು ಹೇಳುತ್ತಿರುವುದು ಕೇಂದ್ರದ ನಿಯಮ. ಅದರ ಪ್ರಕಾರ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳುವಾದ ಕೈಚೀಲ ಇರಕೂಡದು. ನಮ್ಮ ರಾಜ್ಯದ ಆದೇಶ ಅದಕ್ಕಿಂತ ಬಿಗಿ. ಹಾಲಿನ ಕವರ್, ಕಾರ್ಖಾನೆಯಲ್ಲೇ ಸೀಲ್ ಆಗಿ ಬರುವ ಪ್ಯಾಕೆಟ್, ನರ್ಸರಿಯಲ್ಲಿ ಸಸಿ ಬೆಳೆಸುವ ಕಪ್ಪು ಕವರ್ (ಕಾಫಿ ಸೀಮೆಯವರಿಗೆ ಇದು ಬೇಕೇ ಬೇಕು), ರಫ್ತಿಗೆಂದೇ ತಯಾರಾಗುವ ಮಾಲು, ಇಂಥವಕ್ಕೆ ಮಾತ್ರ ಬಿಡುವು. ಆದ್ದರಿಂದ ಬೀದಿ ಅಂಗಡಿಯ ಕವರ್‌ಗೆ 2 ರೂಪಾಯಿ ಹೆಚ್ಚೋ ಕಡಿಮೆಯೋ ಎಂಬ ಚರ್ಚೆಯೇ ಬೇಡ. ದುಡ್ಡು ಕೊಟ್ಟ ಮಾತ್ರಕ್ಕೆ ಅದು ಸಕ್ರಮ ಆಗುವುದಿಲ್ಲ. ‘ಬಳಸುವುದು’ ಎಂಬ ಪದವೂ ಆದೇಶದಲ್ಲಿರುವುದರಿಂದ ತಪ್ಪು ಅಂಗಡಿಯವನದು ಮಾತ್ರ ಎಂದು ಕೈ ತೊಳೆದುಕೊಳ್ಳಲೂ ಬರುವುದಿಲ್ಲ.

ಇನ್ನು ಸೂಪರ್ ಮಾರ್ಕೆಟ್‌ನ 10 ರೂಪಾಯಿ. ‘ಸರ್ಕಾರದ ರೂಲ್ಸ್’ ಎಂಬ ಮಾತಿಗೆ ಒಂದು ಹಳೆಯ ಬೇರು ಇದೆ. 2011ರ ಕೇಂದ್ರ ನಿಯಮದಲ್ಲಿ ಪ್ಲಾಸ್ಟಿಕ್ ಕೈಚೀಲವನ್ನು ಗಿರಾಕಿಗೆ ಪುಕ್ಕಟೆ ಕೊಡಬಾರದು ಎಂದೇ ಇತ್ತು. 2016ರಲ್ಲಿ ಅದು ಬದಲಾಗಿ, ಕವರ್ ಕೊಡುವ ಅಂಗಡಿ ಸ್ಥಳೀಯ ಸಂಸ್ಥೆಯಲ್ಲಿ ನೋಂದಣಿ ಮಾಡಿಸಿ ತಿಂಗಳಿಗೆ 4,000 ರೂಪಾಯಿಯಂತೆ ವರ್ಷಕ್ಕೆ ಕನಿಷ್ಠ 48,000 ಶುಲ್ಕ ಕಟ್ಟಬೇಕು ಎಂದಾಯಿತು. 2018ರ ಮಾರ್ಚ್ ತಿದ್ದುಪಡಿಯಲ್ಲಿ ಆ ನಿಯಮವನ್ನೇ ಕಿತ್ತುಹಾಕಿದರು. ಅದೂ ಅಲ್ಲದೆ ಇವೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ಸಂಬಂಧಿಸಿದವು. ಕಾಗದದ ಚೀಲಕ್ಕೋ ಬಟ್ಟೆ ಚೀಲಕ್ಕೋ ಅಲ್ಲ. ಹಾಗಾಗಿ ಇವತ್ತು ಚೀಲಕ್ಕೆ ದುಡ್ಡು ವಸೂಲು ಮಾಡಲೇಬೇಕೆಂಬ ಕೇಂದ್ರ ನಿಯಮ ಇಲ್ಲ. ಅದು ಅಂಗಡಿಯವರು ಮಾಡಿಕೊಂಡ ತೀರ್ಮಾನ.

ಆ ತೀರ್ಮಾನ ತಪ್ಪೇ? ದರ ತಗೊಳ್ಳುವುದಕ್ಕಿಂತ ತಗೊಳ್ಳುವ ರೀತಿಯ ಮೇಲೆ ಅದು ನಿಂತಿದೆ. ಬಿಗ್ ಬಜಾರ್ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರ್ 22ರಂದು ಕೊಟ್ಟ ಆದೇಶದ ತಿರುಳು ಇದು: ಚೀಲಕ್ಕೆ ಬೇರೆ ದರ ಇದೆ, ಆ ಚೀಲ ಎಂಥದ್ದು, ಬೆಲೆ ಎಷ್ಟು ಎಂಬುದು ಗಿರಾಕಿ ಆ ಅಂಗಡಿಗೆ ಹೋಗಲೋ ಬೇಡವೋ ಎಂದು ನಿರ್ಧರಿಸುವ ಮೊದಲೇ, ಸಾಮಾನು ಆರಿಸುವ ಮೊದಲೇ ತಿಳಿದಿರಬೇಕು. ಟ್ರಾಲಿ ತುಂಬಿ, ಸಾಲಿನಲ್ಲಿ ನಿಂತು, ಬಿಲ್ ಆಗುವಾಗ ಹೇಳುವುದು ಅನುಚಿತ ವ್ಯಾಪಾರ ಪದ್ಧತಿ. ಚಂಡೀಗಢದ ಜಿಲ್ಲಾ ವೇದಿಕೆ 2019ರಲ್ಲಿ 3 ರೂಪಾಯಿಯ ಕಾಗದದ ಚೀಲಕ್ಕಾಗಿ ಬಾಟಾ ಕಂಪನಿಗೆ 9,000 ರೂಪಾಯಿ ತೆರುವಂತೆ ಹೇಳಿತ್ತು. ಅಂಗಡಿಯ ಹೆಸರು ಮುದ್ರಿಸಿದ ಚೀಲವನ್ನು ಗಿರಾಕಿಯ ದುಡ್ಡಿನಲ್ಲೇ ಹೊರಿಸಿ ಜಾಹೀರಾತು ಮಾಡಿಸಿಕೊಂಡರು ಎಂಬುದು ಅಲ್ಲಿ ಮುಖ್ಯ ಆಕ್ಷೇಪ.

ಆದ್ದರಿಂದ ಮುಂದಿನ ಸಲ ಬಾಗಿಲಲ್ಲೇ ನೋಡಿ. ಚೀಲದ ದರ, ಅಳತೆ, ಯಾವುದರಿಂದ ಮಾಡಿದ್ದು ಎಂಬ ಬೋರ್ಡು ಕಣ್ಣಿಗೆ ಬೀಳುವಂತೆ ಇದ್ದು, ನಿಮ್ಮ ಚೀಲ ತರಲು ಅಡ್ಡಿ ಇಲ್ಲದಿದ್ದರೆ ನಿಮ್ಮ ದೂರಿಗೆ ಹೆಚ್ಚು ಬಲವಿಲ್ಲ. ಬೋರ್ಡು ಇಲ್ಲ, ಕೇಳದೆಯೇ ಬಿಲ್ಲಿಗೆ ಸೇರಿಸಿದ್ದಾರೆ ಎಂದಾದರೆ ಹಣ ಕೊಡುವ ಮೊದಲೇ ಆ ಸಾಲನ್ನು ತೆಗೆಸಿ. ತೆಗೆಯಲಿಲ್ಲವೆಂದರೆ ಬಿಲ್ಲು ಇಟ್ಟುಕೊಳ್ಳಿ, ಚೀಲದ ಮತ್ತು ಬಾಗಿಲಿನ ಫೋಟೊ ತೆಗೆಯಿರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿ. ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು, ನೀವು ವಾಸವಿರುವ ಊರಲ್ಲೇ ಹಾಕಬಹುದು. ಹತ್ತು ರೂಪಾಯಿಗೆ ಇಷ್ಟು ಓಡಾಡಬೇಕೆ ಎಂದರೆ, ಒಂದು ಸಲದ ಹತ್ತಕ್ಕೆ ಬೇಡ ಎನ್ನುತ್ತೇನೆ. ಆದರೆ ಮನೆಯಿಂದ ತಂದ ಖಾಲಿ ಚೀಲವನ್ನು ಒಳಗೆ ಬಿಡದೆ, ಹೊರಗೆ ಬರುವಾಗ ಅವರದ್ದನ್ನೇ ಕೊಳ್ಳುವಂತೆ ಮಾಡುವ ಅಂಗಡಿಯನ್ನು ಬಿಡಬಾರದು. ದಿನನಿತ್ಯದ ಮಟ್ಟಿಗೆ ಸುಲಭ ಉಪಾಯವೆಂದರೆ ಖಾಲಿ ಚೀಲವನ್ನು ಕಾವಲಿನವರಿಗೆ ತೋರಿಸಿ ಟ್ಯಾಗ್ ಹಾಕಿಸಿಕೊಳ್ಳುವುದು. ಅದೂ ಬೇಡವೆಂದರೆ ಟೋಕನ್ ಕೌಂಟರಿನಲ್ಲಿ ಬಿಟ್ಟು, ಬಿಲ್ ಆದ ಸಾಮಾನನ್ನು ಟ್ರಾಲಿಯಲ್ಲೇ ಹೊರಗೆ ತಂದು ತುಂಬಿಕೊಳ್ಳುವುದು.

ತಿಂಗಳ ದಿನಸಿಗೆ ನಿಜಕ್ಕೂ ಚೀಲವೇ ಬೇಡ. ಬಿಸ್ಕತ್ತು, ಸೋಪು, ಎಣ್ಣೆ ಬಂದ ರಟ್ಟಿನ ಡಬ್ಬಿ ಪ್ರತಿ ಅಂಗಡಿಯ ಹಿಂಭಾಗದಲ್ಲಿ ರಾಶಿ ಬಿದ್ದಿರುತ್ತದೆ. ಬಿಲ್ಲಿಗೆ ನಿಲ್ಲುವ ಮೊದಲೇ ಒಂದು ಕೇಳಿ. ಒಂದು ಲೀಟರಿನ ಹನ್ನೆರಡು ಎಣ್ಣೆ ಪ್ಯಾಕೆಟ್ ಹೊತ್ತು ಬಂದ ಡಬ್ಬಿ ನಿಮ್ಮ ಬೇಳೆ, ಸಕ್ಕರೆಯನ್ನೂ ಹೊರುತ್ತದೆ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಮಟ್ಟಸವಾಗಿ ಕೂರುವುದೂ ಅದೇ. ಹ್ಯಾಂಡಲಿಗೆ ತೂಗುಹಾಕಿದ ಚೀಲದ ಹಾಗೆ ತಿರುವಿನಲ್ಲಿ ಎಳೆಯುವುದಿಲ್ಲ. ಅಡಿಯ ಟೇಪು ಬಿಟ್ಟಿದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಈಗ ಆ 10 ರೂಪಾಯಿಯ ಚೀಲವನ್ನೇ ಕೈಯಲ್ಲಿ ಹಿಡಿದು ನೋಡಿ. ‘ಬಟ್ಟೆ ಚೀಲ’ ಎಂದು ಕೊಡುವ ಹಲವು ಚೀಲ ಬಟ್ಟೆಯಲ್ಲ. ಬೆಳಕಿಗೆ ಹಿಡಿದಾಗ ಅಡ್ಡ-ಉದ್ದ ಎಳೆಯ ನೇಯ್ಗೆ ಕಾಣದೆ, ಒತ್ತಿದ ಸಣ್ಣ ಚುಕ್ಕಿಗಳ ಸಾಲು ಕಂಡರೆ ಅದು ನಾನ್-ವೋವನ್, ಅಂದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ನಾರನ್ನು ಶಾಖದಲ್ಲಿ ಅಂಟಿಸಿ ಮಾಡಿದ ಹಾಳೆ. ಅಂಚಿನಿಂದ ಒಂದು ಎಳೆ ಬಿಡಿಸಿ ಎಳೆಯಲು ನೋಡಿ. ಬಟ್ಟೆಯಾದರೆ ದಾರ ಬರುತ್ತದೆ, ಇದರಲ್ಲಿ ಹಿಂಜಿದ ಹತ್ತಿಯಂಥ ನಾರು ಮಾತ್ರ ಕಿತ್ತುಬರುತ್ತದೆ. ಇನ್ನೂ ಅನುಮಾನವಿದ್ದರೆ ಒಂದು ಚೂರನ್ನು ಇಕ್ಕಳದಲ್ಲಿ ಹಿಡಿದು ಬಯಲಲ್ಲಿ ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ಇದು ಮೇಣದ ವಾಸನೆಯಲ್ಲಿ ಕರಗಿ, ತೊಟ್ಟಿಕ್ಕಿ, ಆರಿದಾಗ ಗಟ್ಟಿ ಮಣಿಯಾಗುತ್ತದೆ. ಕೇಂದ್ರದ ನಿಯಮವೂ ಇದನ್ನು ಪ್ಲಾಸ್ಟಿಕ್ ಕೈಚೀಲ ಎಂದೇ ಎಣಿಸಿ, ಚದರ ಮೀಟರಿಗೆ 60 ಗ್ರಾಂಗಿಂತ ಹಗುರವಾದದ್ದು ಕೂಡದು ಎಂದಿದೆ. ಇದರ ಹಿಡಿಕೆಯನ್ನು ಹೊಲಿದಿರುವುದಿಲ್ಲ, ಬೆಸೆದಿರುತ್ತಾರೆ. ಐದಾರು ಕಿಲೋ ಹೊತ್ತು ನಡೆದರೆ ಮೊದಲು ಬಿಡುವುದು ಅಲ್ಲೇ. ಬಿಸಿಲಿಗೆ ನೇತುಹಾಕಿದರೆ ಕೆಲವು ತಿಂಗಳಲ್ಲಿ ಪುಡಿಪುಡಿಯಾಗಿ ಉದುರುತ್ತದೆ. ಈಗಾಗಲೇ ಮನೆಯಲ್ಲಿರುವುದನ್ನು ಎಸೆಯಬೇಡಿ, ನೆರಳಲ್ಲಿಟ್ಟು ಹರಿಯುವವರೆಗೂ ಬಳಸಿ. ಹೊಸದನ್ನು ಕೊಳ್ಳಬೇಡಿ.

ಹಾಗೆಂದು ಹೊಸ ಹತ್ತಿ ಚೀಲ ಡಜನ್ ಲೆಕ್ಕದಲ್ಲಿ ಕೊಳ್ಳುವುದೂ ಜಾಣತನವಲ್ಲ. ಇಂಗ್ಲೆಂಡಿನ ಪರಿಸರ ಇಲಾಖೆ 2011ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಒಮ್ಮೆ ಬಳಸಿ ಎಸೆದ ತೆಳು ಪ್ಲಾಸ್ಟಿಕ್ ಕವರ್‌ಗೆ ಹವಾಮಾನದ ಹೊರೆಯಲ್ಲಿ ಸಮನಾಗಲು ಕಾಗದದ ಚೀಲವನ್ನು 3 ಸಲ, ನಾನ್-ವೋವನ್ ಚೀಲವನ್ನು 11 ಸಲ, ಹತ್ತಿ ಚೀಲವನ್ನು 131 ಸಲ ಬಳಸಬೇಕು. ಚರಂಡಿಗೂ ದನದ ಹೊಟ್ಟೆಗೂ ಹೋಗುವ ಪ್ಲಾಸ್ಟಿಕ್ಕಿನ ಹೊರೆ ಆ ಲೆಕ್ಕದಲ್ಲಿ ಸೇರಿಲ್ಲ ಎನ್ನುವುದು ನಿಜ. ಆದರೂ ಮನೆಯಲ್ಲಿರುವ ಹಳೆಯ ಬಟ್ಟೆಯಿಂದಲೇ ಹೊಲಿದುಕೊಂಡರೆ ಆ 131ರ ತಲೆನೋವೇ ಇಲ್ಲ.

ನಾಲ್ಕು ಜನರ ಮನೆಗೆ ಇಷ್ಟು ಸಾಕು: ಏಳೆಂಟು ಕಿಲೋ ತಡೆಯುವ ದೊಡ್ಡ ಗಟ್ಟಿ ಚೀಲ ಮೂರು, ತರಕಾರಿ, ಸೊಪ್ಪು, ಬಿಡಿ ಸಾಮಾನಿಗೆ ಹಳೆ ಪಂಚೆ ಅಥವಾ ಹತ್ತಿ ಸೀರೆಯ ದಾರ ಎಳೆಯುವ ತೆಳು ಚೀಲ ಆರು (10 ಇಂಚು ಅಗಲ, 14 ಇಂಚು ಉದ್ದ), ಒಂದು ವೈರ್ ಬ್ಯಾಗು, ಕ್ಲಿಪ್ ಮುಚ್ಚಳದ ಎರಡು ಲೀಟರಿನ ಸ್ಟೀಲ್ ಡಬ್ಬಿ ಎರಡು. ಇದಲ್ಲದೆ, ಮಡಚಿದರೆ ಅಂಗೈಯಲ್ಲಿ ಹಿಡಿಯುವಂಥ ಚೀಲ ತಲೆಗೊಂದರಂತೆ.

ದೊಡ್ಡ ಚೀಲ ಎಲ್ಲಿ ಕೆಡುತ್ತದೆ ಎಂದು ತಿಳಿದರೆ ಹೊಲಿಗೆ ಸರಿಯಾಗುತ್ತದೆ. ಕೊರಾ ಕ್ಯಾನ್ವಾಸ್ ಅಥವಾ ದಪ್ಪ ಕಾಟನ್ 36 ಇಂಚು ಪನ್ನದ್ದು ಒಂದೂಕಾಲು ಮೀಟರ್ ತನ್ನಿ. ಕತ್ತರಿಸುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲವಾದರೆ ಮೊದಲ ಒಗೆತದಲ್ಲೇ ಮೀಟರಿಗೆ ಒಂದೆರಡು ಇಂಚು ಕುಗ್ಗಿ ಹೊಲಿಗೆ ಸೊಟ್ಟಗಾಗುತ್ತದೆ. 20 ಇಂಚು ಅಗಲ, 39 ಇಂಚು ಉದ್ದದ ಒಂದೇ ತುಂಡು ಕತ್ತರಿಸಿ ಅರ್ಧಕ್ಕೆ ಮಡಚಿ. ತಳದಲ್ಲಿ ಹೊಲಿಗೆಯೇ ಬರದಿರಲಿ ಎಂದೇ ಒಂದೇ ತುಂಡು. ಎರಡೂ ಪಕ್ಕವನ್ನು ಅರ್ಧ ಇಂಚು ಒಳಗೆ ಎರಡು ಸಾಲು ಹೊಲಿಯಿರಿ. ಒಳಗು ಹೊರಗು ಮಾಡಿ ತಳದ ಎರಡೂ ಮೂಲೆಯನ್ನು ತ್ರಿಕೋನವಾಗಿ ಚಪ್ಪಟೆ ಮಾಡಿ, ತುದಿಯಿಂದ 2 ಇಂಚು ಬಿಟ್ಟು ಅಡ್ಡ ಹೊಲಿಗೆ ಹಾಕಿದರೆ 4 ಇಂಚು ಅಗಲದ ತಳ ಬರುತ್ತದೆ. ಈ ತಳವಿಲ್ಲದ ಚೀಲದಲ್ಲಿ ಟೊಮ್ಯಾಟೊ ಎಲ್ಲ ಒಂದೇ ಕಡೆ ಜಾರಿ ಅಪ್ಪಚ್ಚಿಯಾಗುತ್ತದೆ. ಬಾಯಿಯನ್ನು ಒಂದೂವರೆ ಇಂಚು ಮಡಚಿ ಹೊಲಿದರೆ 16 ಇಂಚು ಎತ್ತರದ ಚೀಲ.

ಹಿಡಿಕೆಗೆ 4 ಇಂಚು ಅಗಲ, 26 ಇಂಚು ಉದ್ದದ ಎರಡು ಪಟ್ಟಿ. ಎರಡೂ ಅಂಚನ್ನು ನಡುವಿಗೆ ಮಡಚಿ, ಮತ್ತೆ ಅರ್ಧ ಮಾಡಿದರೆ ನಾಲ್ಕು ಪದರದ ಒಂದಿಂಚಿನ ಪಟ್ಟಿ ಸಿಗುತ್ತದೆ. ಪಕ್ಕದ ಹೊಲಿಗೆಯಿಂದ 5 ಇಂಚು ಬಿಟ್ಟು, ಬಾಯಿಯಿಂದ 3 ಇಂಚು ಕೆಳಗಿನವರೆಗೆ ಇಳಿಸಿ ಹೊಲಿಯಬೇಕು. ಬರೀ ಅಂಚಿಗೆ ಸಿಕ್ಕಿಸಿದ ಹಿಡಿಕೆ ಆಲೂಗಡ್ಡೆ ಭಾರಕ್ಕೆ ಬಾಯಿಯನ್ನೇ ಹರಿದುಕೊಂಡು ಬರುತ್ತದೆ. ತುದಿಯಲ್ಲಿ ಒಂದಿಂಚಿನ ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತಿನ ಹಾಗೆ ಎರಡು ಗೆರೆ ಎಳೆಯಿರಿ. ಒಳಗಡೆ ಎರಡಿಂಚಿನ ತೇಪೆಯೊಂದು ಇದ್ದರೆ ಇನ್ನೂ ಗಟ್ಟಿ. ಪಾಲಿಯೆಸ್ಟರ್ ದಾರ, 16ನೇ ನಂಬರ್ ಸೂಜಿ ಹಾಕಿ. ಹೊಲಿಗೆ ತೀರಾ ಒತ್ತಾಗಿದ್ದರೆ ಬಟ್ಟೆ ಅಂಚೆಚೀಟಿಯ ಹಾಗೆ ತೂತು ಸಾಲಿನಲ್ಲಿ ಹರಿಯುತ್ತದೆ. ಇಂಚಿಗೆ ಎಂಟೊಂಬತ್ತು ಸಾಕು. ಹಳೆ ಜೀನ್ಸ್ ಪ್ಯಾಂಟಿನ ಕಾಲು ಸಿಕ್ಕರೆ ಕ್ಯಾನ್ವಾಸೂ ಬೇಡ.

ಮರೆಯುವ ವಿಷಯಕ್ಕೆ ಬರುತ್ತೇನೆ. ಚೀಲ ಅಡುಗೆಮನೆಯ ಮೊಳೆಗೆ ನೇತುಬಿದ್ದಿರುವುದೇ ಮರೆವಿಗೆ ಕಾರಣ. ಸಾಮಾನು ಖಾಲಿ ಮಾಡಿದ ಕೈಯಲ್ಲೇ ಎರಡು ಚೀಲ ಸ್ಕೂಟರಿನ ಸೀಟಿನಡಿಗೆ ಹೋಗಬೇಕು. ಬಸ್ಸಿನಲ್ಲಿ ಓಡಾಡುವವರದ್ದು ಊಟದ ಬ್ಯಾಗಿನಲ್ಲಿ, ಕಾರಿದ್ದರೆ ಡಿಕ್ಕಿಯಲ್ಲಲ್ಲ, ಮುಂದಿನ ಬಾಗಿಲಿನ ಸಂದಿಯಲ್ಲಿ. ಮನೆಯಿಂದ ಪಟ್ಟಿ ಬರೆದು ಹೊರಡುವ ಖರೀದಿಗೆ ಮರೆವು ಕಡಿಮೆ. ಕೆಲಸ ಮುಗಿಸಿ ಬರುವಾಗ ಅರ್ಧ ಕಿಲೋ ಈರುಳ್ಳಿಗೆ ನಿಲ್ಲುತ್ತೇವಲ್ಲ, ಕವರ್ ಕೈಗೆ ಬರುವುದು ಆಗ. ವಾರಕ್ಕೆ ಎರಡು ಸಲ ಮರೆತು 10 ರೂಪಾಯಿಯದನ್ನು ಕೊಂಡರೆ ವರ್ಷಕ್ಕೆ 1,040 ರೂಪಾಯಿ ಆಯಿತು.

ತೂಕದಲ್ಲಿ ಒಂದು ಎಚ್ಚರ. ಕಟ್ಟಿನಕೆರೆ ಮಾರುಕಟ್ಟೆಯಾಗಲಿ ಸಂತೆಯಾಗಲಿ, ವ್ಯಾಪಾರಿ ನಿಮ್ಮ ಚೀಲವನ್ನೇ ತಕ್ಕಡಿ ಮೇಲಿಟ್ಟು ತುಂಬಿದರೆ ಚೀಲದ ತೂಕಕ್ಕೂ ಬೀನ್ಸಿನ ಬೆಲೆ ಕೊಟ್ಟಂತೆ. ಕ್ಯಾನ್ವಾಸ್ ಚೀಲ 150–200 ಗ್ರಾಂ ತೂಗಬಹುದು. ತಟ್ಟೆಯಲ್ಲಿ ತೂಗಿ ಚೀಲಕ್ಕೆ ಸುರಿಯಲು ಹೇಳಿ. ಎಲೆಕ್ಟ್ರಾನಿಕ್ ತಕ್ಕಡಿಯಾದರೆ ಖಾಲಿ ಚೀಲ ಇಟ್ಟು ‘ಟೇರ್’ ಒತ್ತಿ ಸೊನ್ನೆ ಮಾಡಿಸಿ. ಸಿಹಿ ತಿಂಡಿಯ ರಟ್ಟಿನ ಡಬ್ಬಿಗೂ ಇದೇ ಮಾತು; ಡಬ್ಬಿ ಸೇರಿಸಿ ತೂಗುವಂತಿಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ತರಕಾರಿಗೆ ಹರಿದುಕೊಳ್ಳುವ ರೋಲ್ ಕವರ್ ಬದಲು ತೆಳು ಚೀಲ ಕೊಟ್ಟರೆ ಬಾರ್‌ಕೋಡ್ ಚೀಟಿ ಬಟ್ಟೆಗೆ ನಿಲ್ಲುವುದಿಲ್ಲ, ಅಂಟಿದರೂ ಒಗೆದಾಗ ಅಂಟಿನ ಕಲೆ ಬಿಡುವುದಿಲ್ಲ. ದಾರದ ತುದಿಗೆ ಒಂದು ರಟ್ಟಿನ ಚೂರು ಕಟ್ಟಿ, ಚೀಟಿಯನ್ನು ಅದಕ್ಕೆ ಅಂಟಿಸಿ. (ಕೇಂದ್ರದ ವ್ಯಾಖ್ಯೆಯಲ್ಲಿ ‘ಕೈಚೀಲ’ಕ್ಕೆ ಹಿಡಿದು ಒಯ್ಯುವ ಅನುಕೂಲ ಇರಬೇಕು ಎಂದಿದೆ. ರೋಲ್ ಕವರ್‌ಗೆ ಹಿಡಿಕೆ ಇಲ್ಲವಲ್ಲ, ಅದು ಇನ್ನೂ ಉಳಿದುಕೊಂಡಿರುವ ಗುಟ್ಟು ಅಲ್ಲಿರಬಹುದು.)

ಕೋಳಿ, ಮೀನಿಗೆ ಸ್ಟೀಲ್ ಡಬ್ಬಿ. ಎರಡು ಲೀಟರಿನದರಲ್ಲಿ ಕತ್ತರಿಸಿದ ಒಂದು ಕಿಲೋ ಕೋಳಿ ಕೂರುತ್ತದೆ. ಕಂಠದವರೆಗೂ ತುಂಬಿದರೆ ಮುಚ್ಚಳದಿಂದ ರಸ ಜಿನುಗುತ್ತದೆ. ಡಬ್ಬಿಯನ್ನು ವೈರ್ ಬ್ಯಾಗಿನಲ್ಲಿ ನೆಟ್ಟಗೆ ನಿಲ್ಲಿಸಿ ತನ್ನಿ, ಜಿನುಗಿದರೂ ಬ್ಯಾಗು ತೊಳೆದರೆ ಮುಗಿಯಿತು. ಮನೆಗೆ ಬಂದ ಮೇಲೆ ಡಬ್ಬಿಗೆ ಮೊದಲು ತಣ್ಣೀರು, ಆಮೇಲೆ ಸೋಪು, ಬಿಸಿನೀರು. ನೇರವಾಗಿ ಬಿಸಿನೀರು ಸುರಿದರೆ ಮಾಂಸದ ರಸ ಬೆಂದು ಹಿಡಿದುಕೊಂಡು, ವಾಸನೆ ಮುಚ್ಚಳದ ರಬ್ಬರಿನಲ್ಲೇ ಉಳಿಯುತ್ತದೆ. ಮಾಂಸದ ಬ್ಯಾಗನ್ನು ತರಕಾರಿಗೆ ಬಳಸಬೇಡಿ, ಗುರುತಿಗೆ ಬಣ್ಣವೇ ಬೇರೆ ಇರಲಿ. ಹೋಟೆಲಿನ ಸಾಂಬಾರಿಗೆ, ದೋಸೆ ಹಿಟ್ಟಿಗೆ ಎರಡನೆಯ ಡಬ್ಬಿ.

ಮಳೆಗಾಲದಲ್ಲಿ ಬಟ್ಟೆ ಚೀಲದ ಮೇಲೆ ಹಟ ಹಿಡಿಯುವುದು ಬೇಡ. ಹಾಸನ ಪೇಟೆಯಲ್ಲಿ ಹೇಗೋ ನಡೆದೀತು, ಸಕಲೇಶಪುರ, ಮೂಡಿಗೆರೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಕ್ಯಾನ್ವಾಸ್ ಒಣಗುವುದೇ ಇಲ್ಲ. ಹಸಿಯಾಗಿಯೇ ಮಡಚಿ ಸೀಟಿನಡಿ ತುರುಕಿದರೆ ಎರಡು ದಿನದಲ್ಲಿ ಮುಗ್ಗಲು ವಾಸನೆ, ವಾರದಲ್ಲಿ ಕಪ್ಪು ಚುಕ್ಕಿ. ಗೋಣಿನಾರಿನ ಚೀಲ ಇನ್ನೂ ಬೇಗ ಬೂಷ್ಟು ಹಿಡಿಯುತ್ತದೆ. ಕಾಗದದ್ದು ದಾರಿಯಲ್ಲೇ ತಳ ಬಿಡುತ್ತದೆ. ಆ ನಾಲ್ಕು ತಿಂಗಳು ವೈರ್ ಬ್ಯಾಗು ಮತ್ತು 25 ಕಿಲೋ ಅಕ್ಕಿ ಬಂದ ಪ್ಲಾಸ್ಟಿಕ್ ಗೋಣಿಯಿಂದ ಹೊಲಿದ ಚೀಲವೇ ಸರಿ. ಪ್ಲಾಸ್ಟಿಕ್ಕೇ ಆದರೂ ಇವು ವರ್ಷಗಟ್ಟಲೆ ಬಾಳುತ್ತವೆ, ಹೊಸದಾಗಿ ಯಾವುದೂ ಕಸಕ್ಕೆ ಸೇರುವುದಿಲ್ಲ. ಕಡ್ಡಿ ಮುರಿದ ಕೊಡೆಯ ಬಟ್ಟೆಯನ್ನೂ ಬಿಸಾಡಬೇಡಿ. ಕಡ್ಡಿಗೆ ಕಟ್ಟಿದ ದಾರ ಕತ್ತರಿಸಿ ಬಟ್ಟೆ ಬಿಡಿಸಿ, ಎರಡಕ್ಕೆ ಮಡಚಿ ಅಂಚು ಹೊಲಿದರೆ ಹಗುರ ಸಾಮಾನಿಗೆ ಮಳೆಚೀಲ, ಕೊಡವಿದರೆ ಒಣಗುತ್ತದೆ. ನೆನೆದರೆ ಕೆಡುವ ಸಕ್ಕರೆ, ಬಿಡಿ ಬೆಲ್ಲ, ಕಾಫಿಪುಡಿಗೆ ಮುಚ್ಚಳದ ಡಬ್ಬಿ ಒಯ್ಯುವುದೇ ಕ್ಷೇಮ.

ಕೊನೆಗೆ ಕಸದ ಬುಟ್ಟಿ. ಕವರ್ ಬೇಕೆನಿಸುವುದು ಹಸಿ ಕಸದಿಂದ ನೀರು ಇಳಿಯುವುದಕ್ಕೆ. ನೀರು ಇಳಿಯದಂತೆ ಮಾಡಿದರೆ ಕವರ್ ಬೇಡ. ಸಾರಿನ ಚರಟ, ಕಾಫಿ ಗಸಿಯನ್ನು ಮೊದಲು ಸಿಂಕಿನ ಜಾಲರಿಯಲ್ಲಿ ಸೋಸಿಬಿಡಿ. ಬುಟ್ಟಿಯ ತಳಕ್ಕೆ ಒಂದು ಹಿಡಿ ತೆಂಗಿನ ನಾರಿನ ಪುಡಿ, ಮರದ ಹೊಟ್ಟು ಅಥವಾ ಒಣ ಎಲೆ. ತೋಟದ ಕಡೆಯವರಾದರೆ ಕಾಫಿ ಸಿಪ್ಪೆ ಧಾರಾಳ ಸಿಗುತ್ತದೆ. ಅದರ ಮೇಲೆ ಎರಡು ಹಾಳೆ ಪತ್ರಿಕೆಯನ್ನು ಅಡ್ಡಡ್ಡವಾಗಿ ಹಾಸಿ, ಅಂಚು ಬುಟ್ಟಿಯ ಬಾಯಿಯಿಂದ ಹೊರಗೆ ಮಡಚಿ ಬಿಡಿ. ದಿನಾ ಗಾಡಿಗೆ ಸುರಿದು ಬುಟ್ಟಿ ತೊಳೆದರೆ ವಾಸನೆ ಇರುವುದಿಲ್ಲ. ಎರಡು ದಿನ ಇಟ್ಟರೆ ಮಾತ್ರ ಹುಳು ಬೀಳುತ್ತದೆ. ಒಣ ಕಸಕ್ಕೆ ಹಳೆಯ ಅಕ್ಕಿ ಚೀಲವೇ ಸಾಕು, ತೊಳೆದು ಒಣಗಿಸಿದ ಹಾಲಿನ ಕವರ್‌ಗಳೂ ಅದರಲ್ಲೇ ಹೋಗಲಿ. ಹಾಲಿನ ಕವರಿನ ಮೂಲೆ ಕತ್ತರಿಸುವಾಗ ಚೂರು ಪೂರ್ತಿ ಬೇರೆಯಾಗದಂತೆ ನೋಡಿಕೊಳ್ಳಿ, ಆ ಸಣ್ಣ ಚೂರನ್ನು ಯಾರೂ ಹೆಕ್ಕುವುದಿಲ್ಲ. ಡೈಪರ್, ಪ್ಯಾಡುಗಳನ್ನು ಪತ್ರಿಕೆಯಲ್ಲಿ ಸುತ್ತಿ, ಗುರುತು ಹಾಕಿ ಬೇರೆಯಾಗಿಯೇ ಕೊಡಬೇಕು.

‘ಕಾಂಪೋಸ್ಟಬಲ್’ ಎಂದು ಬರೆದ ಹಸಿರು ಕವರ್ ಕೊಳ್ಳಬಹುದೇ ಎಂದು ಮುಂದೆ ಕೇಳುತ್ತೀರಿ. ಕೇಂದ್ರ ನಿಯಮದಲ್ಲಿ ಅದಕ್ಕೆ ದಪ್ಪದ ಮಿತಿ ಇಲ್ಲ, ಆದರೆ ಐಎಸ್/ಐಎಸ್‌ಒ 17088 ಮಾನದಂಡಕ್ಕೆ ಒಪ್ಪಿ, ತಯಾರಕರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಬೇಕು. ಕವರ್ ಮೇಲೆ ಆ ವಿವರವಿಲ್ಲದೆ ಬರೀ ‘ಬಯೋಡಿಗ್ರೇಡಬಲ್’, ‘ಇಕೊ ಫ್ರೆಂಡ್ಲಿ’ ಎಂದಷ್ಟೇ ಇದ್ದರೆ ನಂಬಬೇಡಿ. ಪ್ರಮಾಣಪತ್ರ ಇರುವುದೂ ಹೆಚ್ಚು ಶಾಖದ ದೊಡ್ಡ ಗೊಬ್ಬರ ಘಟಕದಲ್ಲಿ ಕರಗುವಂಥದ್ದು, ಹಿತ್ತಿಲ ಗುಂಡಿಯಲ್ಲಿ ಅಷ್ಟು ಸುಲಭವಾಗಿ ಅಲ್ಲ. ವರ್ಷಗಟ್ಟಲೆ ದಾಸ್ತಾನು ಇಟ್ಟರೆ ಸೆಖೆಗೆ, ತೇವಕ್ಕೆ ಬಲ ಕಳೆದುಕೊಂಡು ಕೈಯಲ್ಲೇ ಹರಿಯುತ್ತದೆ. ಬೇಕೇ ಬೇಕೆಂದರೆ ತಿಂಗಳಿಗೆ ಆಗುವಷ್ಟು ಮಾತ್ರ ತನ್ನಿ.